ನಿಮಗಿದು ಗೊತ್ತೇ? ಬಾಯ್ನಾದ ಉಪ್ಪುಗಾಳಿ, ಹಳೆ ಕಾರಿನ ಕಿಲುಬು

ಗೋವಾದ ವಾಸ್ಕೋ ಪಟ್ಟಣದ ಬಾಯ್ನಾದಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದು ನೆಲೆ ನಿಂತ ಕನ್ನಡಿಗರು ಬಹಳ. ಅವರಲ್ಲಿ ಹಲವರಿಗೆ ಹಳೆಯ ಮಾರುತಿ, ಓಮ್ನಿಗಳೇ ಹೊಟ್ಟೆಪಾಡು. ಹೆಡ್‌ಲೈಟ್ ಮಂಕಾಗಲಿ, ಸೆಲ್ಫ್ ಹೊಡೆಯದಿರಲಿ, ಮೊದಲು ಕೇಳಿಬರುವ ಮಾತು ‘ಹೊಸ ಪಾರ್ಟ್ ಹಾಕಿಸಿ’. ಆದರೆ ಬಹಳ ಸಲ ಪಾರ್ಟ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಕರೆಂಟ್ ತಲುಪಿಸುವ ವೈರುಗಳನ್ನು ಕೂಡಿಸುವ ಕಪ್ಲರ್ ಕಿಲುಬು ಹಿಡಿದಿರುತ್ತದೆ. ಅದನ್ನು ಮುರಿಯದೆ ಬಿಚ್ಚಿ, ಸರಿಯಾಗಿ ತೊಳೆದು, ಮತ್ತೆ ಕೂರಿಸಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಇಲ್ಲಿದೆ.

ಗಾಳಿಯಲ್ಲೇ ಇದೆ ಕಾಟ

◆ 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕೊಂಕಣಿ, ಮರಾಠಿ, ಹಿಂದಿಯ ನಂತರ ಅತಿ ಹೆಚ್ಚು ಜನರ ಮಾತೃಭಾಷೆ ಕನ್ನಡ. ಹೀಗಾಗಿ ವಾಸ್ಕೋದ ಜಿಎ-06 ಗಾಡಿಗಳ ಪಕ್ಕದಲ್ಲಿ ವಿಜಯಪುರದ ಕೆಎ-28, ಬಾಗಲಕೋಟೆಯ ಕೆಎ-29 ನಿಂತಿದ್ದರೆ ಅಚ್ಚರಿಯಿಲ್ಲ.

◆ ಊರಿಂದ ಬಂದ ಆ ಗಾಡಿಗೆ ಹವೆಯೇ ಬದಲು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಗೋವಾ ಕರಾವಳಿಯಲ್ಲಿ ಅದು ಸುಮಾರು 3000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ.

◆ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಆ ಲವಣವನ್ನು ಗಾಳಿಗೆ ಸೇರಿಸುತ್ತವೆ. ಅದರಲ್ಲಿ ಹೆಚ್ಚಿನದು ದಡದಿಂದ ಮೊದಲ ಕೆಲವು ನೂರು ಮೀಟರ್ ಒಳಗೇ ಉದುರಿಬಿಡುತ್ತದೆ. ಬಾಯ್ನಾದ ಮನೆಗಳು, ಮನೆ ಮುಂದಿನ ಗಾಡಿಗಳು ಇರುವುದೂ ಆ ಅಂತರದಲ್ಲೇ.

◆ ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿಕೊಂಡು ಕರಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಶೇ 33 ಇದ್ದರೂ ಸಾಕು. ಅಂದರೆ ಕಪ್ಲರ್ ಒಳಗೆ ಒಮ್ಮೆ ಉಪ್ಪು ಸೇರಿದರೆ ಮಳೆ ನಿಂತ ಮೇಲೂ ಅಲ್ಲಿ ಪಸೆ ಆರುವುದಿಲ್ಲ.

◆ ಲೋಹ ಕೊರೆಯುವ ಶಕ್ತಿಯನ್ನು ನೋಡಿ ಒಂದೊಂದು ಊರಿನ ಹವೆಯನ್ನೂ ಆರು ದರ್ಜೆಗಳಲ್ಲಿ ವಿಂಗಡಿಸುವ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಐಎಸ್‌ಒ 9223. ಬಿಸಿಲು, ತೇವ, ಉಪ್ಪು ಮೂರೂ ಕೂಡಿದ ಕರಾವಳಿಗಳು ಮೇಲಿನ ದರ್ಜೆಗಳಲ್ಲಿ ಬರುತ್ತವೆ.

◆ ಪಕ್ಕದ ಮುರಗಾಂವ್ ಬಂದರಿನಲ್ಲಿ ಕಲ್ಲಿದ್ದಲು ಇಳಿಯುತ್ತದೆ. ಅದರ ದೂಳಿನ ಬಗ್ಗೆ ವಾಸ್ಕೋ ಜನ ವರ್ಷಗಳಿಂದ ದೂರುತ್ತಿದ್ದಾರೆ. ಎಂಜಿನ್ ಸುತ್ತ ಕೂತ ಯಾವುದೇ ದೂಳು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಕಪ್ಲರಿನ ಲಾಕ್ ಸಂದಿಯಲ್ಲಿ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ.

◆ ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅವುಗಳಲ್ಲಿ ಅತಿ ಕಿರಿಯದಾದ ಗಾಡಿಯೂ ಈಗಾಗಲೇ ಹತ್ತಕ್ಕೂ ಹೆಚ್ಚು ಮಳೆಗಾಲ ಕಂಡಿದೆ.

ಕಪ್ಲರ್ ಒಳಗೆ ನಡೆಯುವುದೇನು?

◆ ಪಿನ್ನು ಸಾಕೆಟ್ಟಿಗೆ ಪೂರ್ತಿ ಅಂಟಿದಂತೆ ಕಂಡರೂ ಅವು ನಿಜವಾಗಿ ತಾಗುವುದು ಸೂಕ್ಷ್ಮವಾದ ಕೆಲವೇ ಬಿಂದುಗಳಲ್ಲಿ. ಕರೆಂಟೆಲ್ಲ ಹಾಯುವುದು ಆ ಬಿಂದುಗಳ ಮೂಲಕವೇ. ಇದನ್ನು ವಿವರವಾಗಿ ಅಭ್ಯಸಿಸಿ ವಿದ್ಯುತ್ ಸಂಪರ್ಕಗಳ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ರಾಗ್ನಾರ್ ಹೋಮ್ (1879–1970).

◆ ಹೆಚ್ಚಿನ ಪಿನ್ನುಗಳು ಹಿತ್ತಾಳೆ ಅಥವಾ ತಾಮ್ರದ ಮಿಶ್ರಲೋಹದವು. ಮೇಲೆ ತವರದ ಲೇಪ. ಅದರ ದಪ್ಪ ಕೆಲವೇ ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ಆ ಲೇಪ ಹೋದರೆ ಪಿನ್ನಿನ ಆಯುಸ್ಸೂ ಹೋದಂತೆ.

◆ ನೀರೇ ಸೋಕದಿದ್ದರೂ ಕಪ್ಲರ್ ಕೆಡಬಹುದು. ಎಂಜಿನ್ ನಡುಗಿದಂತೆಲ್ಲ ಪಿನ್ನು ಕೂದಲೆಳೆಗಿಂತ ಕಡಿಮೆ ದೂರ ಹಿಂದೆ ಮುಂದೆ ಉಜ್ಜುತ್ತದೆ. ತವರ ಸವೆದು ಅದರ ಆಕ್ಸೈಡ್ ಪುಡಿ ಕಪ್ಪಗೆ ಕೂರುತ್ತದೆ. ‘ಕಾರ್ಬನ್ ಹಿಡಿದಿದೆ’ ಎಂದು ಮೆಕ್ಯಾನಿಕರು ತೋರಿಸುವ ಕಪ್ಪು ಎಷ್ಟೋ ಸಲ ಇದೇ.

◆ ಹಸಿರು ಅಥವಾ ನೀಲಿಹಸಿರು ಪುಡಿ ಕಂಡರೆ ತಾಮ್ರಕ್ಕೆ ಉಪ್ಪು ತಾಗಿದೆ ಎಂದೇ ತಿಳಿಯಿರಿ. ಸಮುದ್ರದ ಕ್ಲೋರೈಡ್ ತಾಮ್ರದೊಂದಿಗೆ ಸೇರಿ ಆಗುವ ಕಿಲುಬು ಅದು. ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ.

◆ ಒಂದೇ ಕಪ್ಲರಿನಲ್ಲಿ ಒಂದು ಪಿನ್ನು ತೀರಾ ಕೊರೆದುಹೋಗಿ, ಪಕ್ಕದ್ದು ಹೊಳೆಯುತ್ತಿರುವುದನ್ನು ನೋಡಿರಬಹುದು. ಉಪ್ಪುನೀರು ಕೂತ ಕಪ್ಲರಿನಲ್ಲಿ ಕರೆಂಟ್ ಇದ್ದರೆ ವಿದ್ಯುದ್ವಿಭಜನೆ ನಡೆದು ಪಾಸಿಟಿವ್ ಪಿನ್ನು ಕರಗುತ್ತಾ ಹೋಗುತ್ತದೆ. ಕೀಲಿ ತೆಗೆದ ಮೇಲೂ ಕರೆಂಟ್ ಇರುವ ವೈರುಗಳಿಗೆ ಈ ಅಪಾಯ ಹಗಲೂ ರಾತ್ರಿ.

◆ ಆದ್ದರಿಂದ ಮಳೆಗಾಲವಿಡೀ ಊರಿಗೆ ಹೋಗಿ ಗಾಡಿ ನಿಲ್ಲಿಸುವವರು ಬ್ಯಾಟರಿಯ ಅರ್ತ್ (ನೆಗೆಟಿವ್) ಟರ್ಮಿನಲ್ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಬ್ಯಾಟರಿ ಉಳಿಯುತ್ತದೆ, ಪಿನ್ನುಗಳೂ ಉಳಿಯುತ್ತವೆ.

◆ ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಕಪ್ಲರ್ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಆ ಎಳೆತಕ್ಕೆ ಹಳೆಯ ರಬ್ಬರ್ ಸೀಲ್ ದಾಟಿ ನೀರು ಒಳಗೆ ನುಗ್ಗುತ್ತದೆ. ಎಂಜಿನ್ ತಣಿದ ಮೇಲೆ ತೊಳೆಯಿರಿ; ಪ್ರೆಷರ್ ನೀರನ್ನು ಕಪ್ಲರಿಗೆ ನೇರವಾಗಿ ಬಿಡಬೇಡಿ.

◆ ವೈರಿನ ಎಳೆಗಳ ನಡುವಿನ ಸಂದಿ ದೀಪದ ಬತ್ತಿಯಂತೆ ನೀರು ಹೀರುತ್ತದೆ. ಕಪ್ಲರಿನಲ್ಲಿ ಸೇರಿದ ನೀರು ಪ್ಲಾಸ್ಟಿಕ್ ಹೊದಿಕೆಯೊಳಗೇ ಬಹುದೂರ ಹೋಗಿ ತಾಮ್ರವನ್ನು ಕಪ್ಪಾಗಿಸಬಲ್ಲದು. ಹೊರಗಿನಿಂದ ನೋಡಿದರೆ ವೈರು ಹೊಸದರಂತೆಯೇ ಇರುತ್ತದೆ.

ಅಂಕಿಗಳು ಹೇಳುವ ಸತ್ಯ

◆ 55 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವ ಕರೆಂಟ್ ಸುಮಾರು 4.6 ಆಂಪಿಯರ್. ಕಪ್ಲರಿನಲ್ಲಿ ಬರೀ 0.2 ಓಮ್ ತಡೆ ಬಂದರೂ ಸುಮಾರು 0.9 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ.

◆ ಅಷ್ಟಕ್ಕೇ ಬೆಳಕು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದೇ ಕಾರಣ: ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ.

◆ ಸೋರಿದ ಆ ವೋಲ್ಟೇಜ್ ಶಾಖವಾಗುತ್ತದೆ. ಬಲ್ಬಿನ ಹಿಂದಿನ ಆ ಸಣ್ಣ ಹೋಲ್ಡರಿನಲ್ಲಿ ಸುಮಾರು ನಾಲ್ಕು ವ್ಯಾಟ್ ಬಿಸಿ ಸದಾ ಇದ್ದರೆ ಪ್ಲಾಸ್ಟಿಕ್ ಕಂದುತ್ತದೆ, ಪಿನ್ನು ಸಡಿಲವಾಗುತ್ತದೆ, ತಡೆ ಇನ್ನೂ ಏರುತ್ತದೆ. ಕಂದಿದ ಹೋಲ್ಡರ್ ಕಂಡರೆ ಬಲ್ಬನ್ನು ಬೈಯಬೇಡಿ.

◆ ಸೆಲ್ಫ್ ಮೋಟಾರಿನ ಲೆಕ್ಕ ಇನ್ನೂ ಕಠಿಣ. ಅದು 100 ಆಂಪಿಯರ್ ಎಳೆಯುವಾಗ ಬ್ಯಾಟರಿ ಟರ್ಮಿನಲ್ಲಿನಲ್ಲಿ ಓಮಿನ ನೂರರಲ್ಲಿ ಒಂದು ಪಾಲು ತಡೆಯಿದ್ದರೂ ಒಂದು ಇಡೀ ವೋಲ್ಟ್ ನಷ್ಟ. ‘ಟಕ್’ ಎಂದು ಸುಮ್ಮನಾಗುವ ಗಾಡಿಗೆ ಮೊದಲು ಬೇಕಾದದ್ದು ಟರ್ಮಿನಲ್ ಸಫಾಯಿ. ಹೊಸ ಬ್ಯಾಟರಿಯ ಮಾತು ಆಮೇಲೆ.

◆ ಮಲ್ಟಿಮೀಟರಿನ ಓಮ್ ಅಳತೆಯನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ. ಮೀಟರ್ ಬಿಡುವ ಕರೆಂಟ್ ತೀರಾ ಕಡಿಮೆ. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾದ ವೈರನ್ನೂ ಅದು ‘ಸರಿ’ ಎನ್ನುತ್ತದೆ.

◆ ನಂಬಬೇಕಾದ ಪರೀಕ್ಷೆ ಬೇರೆಯಿದೆ. ಲೈಟ್ ಹಾಕಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಲರಿನ ಈಚೆಯ ವೈರಿಗೊಂದು, ಆಚೆಯ ವೈರಿಗೊಂದು ಕಡ್ಡಿ ಹಿಡಿಯಿರಿ. ಒಳ್ಳೆಯ ಕಪ್ಲರಿನಲ್ಲಿ ಬಹುತೇಕ ಸೊನ್ನೆ ಬರಬೇಕು. 0.2 ವೋಲ್ಟ್ ದಾಟಿದರೆ ಬಿಚ್ಚಿ ತೊಳೆಯುವ ಹೊತ್ತು ಬಂದಿದೆ.

◆ ಇಂಡಿಕೇಟರ್ ಹಾಕಿದರೆ ಹಿಂದಿನ ಬೇರೆ ದೀಪವೂ ಮಿನುಗುತ್ತದೆಯೇ? ಅದು ಹಾಳಾದ ಅರ್ತಿನ ಗುರುತು. ಕಾರಿನ ಬಾಡಿಯತ್ತ ಹೋಗುವ ದಾರಿ ಮುಚ್ಚಿದಾಗ ಕರೆಂಟ್ ಇನ್ನೊಂದು ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಬಿಗಿದರೆ ಸರಿಹೋಗುತ್ತದೆ.

ಬಿಚ್ಚುವ ಮುನ್ನ

◆ ಮೊದಲು ಕೀಲಿ ಆಫ್. ಆಮೇಲೆ ಬ್ಯಾಟರಿಯ ಅರ್ತ್ ಟರ್ಮಿನಲ್ ಬಿಚ್ಚಬೇಕು. ಕಾರಣ ಸರಳ: ಪಾಸಿಟಿವ್ ಬಿಚ್ಚುವಾಗ ಪಾನಾ ಕಾರಿನ ಬಾಡಿಯನ್ನು ತಾಗಿದರೆ ನೇರ ಶಾರ್ಟ್. ಅರ್ತ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗದು. ಜೋಡಿಸುವಾಗ ಅರ್ತ್ ಕೊನೆಯಲ್ಲಿ.

◆ ಹಳದಿ ಬಣ್ಣದ ಕಪ್ಲರ್ ಕಂಡರೆ ಕೈ ಹಿಂದೆ ತೆಗೆಯಿರಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿದ ಮೇಲೂ ಅದರ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತದೆ. ಅದಕ್ಕೆ ಮೀಟರ್ ಹಚ್ಚುವುದಂತೂ ಸಲ್ಲದು. ತರಬೇತಿ ಪಡೆದವರಿಗೇ ಬಿಡಿ.

◆ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ವೈರಿನ ಬಣ್ಣ, ಕಪ್ಲರಿನ ದಿಕ್ಕು, ಕ್ಲಿಪ್ಪಿನ ಜಾಗ ಎಲ್ಲ ಅದರಲ್ಲಿರಲಿ. ಲಾಕ್ ಕೆಳಗಡೆ ಅಡಗಿದ್ದರೆ ಕಾಣದ ಸಂದಿಗೆ ಅದೇ ಮೊಬೈಲ್ ಕ್ಯಾಮೆರಾ ಕಣ್ಣಾಗುತ್ತದೆ.

ಹಟ ಹಿಡಿದ ಕಪ್ಲರ್

◆ ಬಿಚ್ಚುವ ಗುಟ್ಟು ಎಳೆಯುವುದರಲ್ಲಿಲ್ಲ, ಮೊದಲು ಒಳಕ್ಕೆ ತಳ್ಳುವುದರಲ್ಲಿದೆ. ಎಳೆದಷ್ಟೂ ಲಾಕಿನ ನಾಲಿಗೆ ತನ್ನ ಹಲ್ಲಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಎರಡೂ ಭಾಗಗಳನ್ನು ಒಮ್ಮೆ ಒತ್ತಿ ಹಿಡಿದರೆ ಆ ಬಿಗಿ ಸಡಿಲುತ್ತದೆ. ಆಗ ನಾಲಿಗೆ ಒತ್ತಿ, ಆಮೇಲೆ ಎಳೆಯಿರಿ.

◆ ವೈರು ಹಿಡಿದು ಎಂದೂ ಎಳೆಯಬೇಡಿ. ವೈರು ಪಿನ್ನಿಗೆ ಸೇರುವುದು ಸಣ್ಣದೊಂದು ಲೋಹದ ಮಡಿಕೆಯ ಹಿಡಿತದಲ್ಲಿ. ಅದು ಒಳಗೇ ಕಿತ್ತರೂ ಹೊರಗೆ ತಿಳಿಯದು. ಅಲ್ಲಿಗೆ ಹೊಸದೊಂದು ಲೂಸ್ ಕಾಂಟ್ಯಾಕ್ಟ್ ಹುಟ್ಟಿತು.

◆ ಎಲ್ಲ ಲಾಕುಗಳೂ ಒತ್ತುವಂಥವಲ್ಲ. ಕೆಲವನ್ನು ಎತ್ತಬೇಕು, ಕೆಲವನ್ನು ಜಾರಿಸಬೇಕು, ಕೆಲವಕ್ಕೆ ತಂತಿಯ ಕ್ಲಿಪ್ ಇರುತ್ತದೆ, ದೊಡ್ಡವಕ್ಕೆ ಮಡಚುವ ಹಿಡಿಕೆಯೇ ಇರುತ್ತದೆ. ಬೇರೆ ಬಣ್ಣದ ಸಣ್ಣ ತುಂಡೊಂದು ಕಂಡರೆ ಅದು ಬಹುತೇಕ ಎರಡನೆಯ ಲಾಕ್. ಅದನ್ನು ಸರಿಸುವವರೆಗೆ ಮೊದಲನೆಯದು ಅಲುಗದು.

◆ ಒತ್ತಿದರೂ ಲಾಕ್ ಏಳದಿದ್ದರೆ ಅಲ್ಲಿ ಮರಳು, ದೂಳು ಕೂತಿರುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಪಂಪಿನ ಗಾಳಿ ಹೊಡೆಯಿರಿ. ನಾಲಿಗೆ ಆಡಲು ಜಾಗವಾದರೆ ಅರ್ಧ ಕೆಲಸ ಮುಗಿಯಿತು.

◆ ಕಪ್ಲರುಗಳಲ್ಲಿ ಹಲವು ನೈಲಾನಿನವು. ತೇವ ಹೀರಿದ ನೈಲಾನ್ ಬಾಗುತ್ತದೆ. ವರ್ಷಗಟ್ಟಲೆ ಎಂಜಿನ್ ಶಾಖ ತಿಂದದ್ದು ಪಟ್ಟನೆ ಮುರಿಯುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿಯಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ಮುರಿಯುವ ಸಂಭವ ಕಡಿಮೆ. ಬೆಂಕಿ, ಲೈಟರ್ ಹತ್ತಿರ ತರಬೇಡಿ. ಪೆಟ್ರೋಲ್ ಆವಿ ಪಕ್ಕದಲ್ಲೇ ಇರುತ್ತದೆ.

◆ ಲಾಕ್ ಬಿಟ್ಟರೂ ಕಪ್ಲರ್ ಬಾರದಿದ್ದರೆ ಹಿಡಿದಿರುವುದು ರಬ್ಬರ್ ಸೀಲ್. ಸಂದಿಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಬಿಟ್ಟು, ಕಾದು, ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತಾ ಎಳೆಯಿರಿ. ಒಳಗೆ ಗಾಳಿ ಹೊಕ್ಕೊಡನೆ ಅದು ಬಿಡುತ್ತದೆ. ತಿರುಚಬೇಡಿ, ಪಿನ್ನು ಬಾಗುತ್ತದೆ.

◆ ಕಿಲುಬೇ ಹಿಡಿದು ಕಚ್ಚಿಕೊಂಡಿದ್ದರೆ ಅವಸರ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಕಾಯಿರಿ, ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ಆಡಿಸಿ, ಮತ್ತೆ ಬಿಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಲೇಬೇಕಾದರೆ ಎರಡೂ ಬದಿಯಿಂದ ಸರದಿಯಂತೆ, ಸ್ವಲ್ಪ ಸ್ವಲ್ಪವೇ.

◆ ಅಷ್ಟಾಗಿಯೂ ಲಾಕ್ ಮುರಿದರೆ ಗಾಡಿ ನಿಲ್ಲಿಸಬೇಕಾಗಿಲ್ಲ. ಕಪ್ಲರನ್ನು ಪೂರ್ತಿ ಒಳಕ್ಕೆ ಕೂರಿಸಿ ಸುತ್ತ ಪ್ಲಾಸ್ಟಿಕ್ ಟ್ಯಾಗ್ ಬಿಗಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. ಆಮೇಲೆ ಅದೇ ಅಳತೆಯ ಕಪ್ಲರ್ ಹಾಕಿಸಿ.

ತೊಳೆಯುವ ಬಗೆ

◆ ತಾಮ್ರದ ಕೊಡ ಬೆಳಗುವ ಹುಣಸೆಹುಳಿ ಕಪ್ಲರಿನ ಕಿಲುಬನ್ನೂ ಕರಗಿಸುತ್ತದೆ, ನಿಜ. ಆದರೆ ಕೊಡವನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಬಹುದು, ಪಿನ್ನಿನ ಸಂದಿಯನ್ನು ತೊಳೆಯಲಾಗದು. ಅಲ್ಲಿ ಉಳಿದ ಹುಳಿ ಮತ್ತೆ ಲೋಹ ತಿನ್ನುತ್ತದೆ. ಉಪ್ಪು ಬೆರೆಸಿದ ವಿನೆಗರ್, ಲಿಂಬೆಹಣ್ಣಿಗೂ ಇದೇ ಮಾತು.

◆ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದಲ್ಲಿ, ಲೋಹದ ಮೇಲಿನ ನೀರು ಹೊರದೂಡಿ ತುಕ್ಕು ತಡೆಯಲೆಂದು. ನೆನೆದ ಕಪ್ಲರಿನಿಂದ ನೀರು ಓಡಿಸಲು ಅದು ಸಹಾಯಕ್ಕೆ ಬರುತ್ತದೆ. ಆದರೆ ಅದು ಬಿಟ್ಟುಹೋಗುವ ಎಣ್ಣೆ ಪದರ ದೂಳು ಹಿಡಿಯುತ್ತದೆ. ಆದ್ದರಿಂದ ಕೊನೆಯ ಸಫಾಯಿ ಕಾಂಟ್ಯಾಕ್ಟ್ ಕ್ಲೀನರಿನಿಂದಲೇ ಆಗಲಿ.

◆ ಕ್ಲೀನರ್ ಸಿಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಶೇ 99ರದ್ದನ್ನೇ ಕೊಳ್ಳಿ. ಶೇ 70ರದರಲ್ಲಿ ಉಳಿದದ್ದು ಹೆಚ್ಚಾಗಿ ನೀರು. ಎರಡೂ ಬೆಂಕಿಗೆ ಹತ್ತುವಂಥವು. ಬೀಡಿ, ಸಿಗರೇಟು ದೂರವಿರಲಿ.

◆ ಪೆಟ್ರೋಲ್, ಥಿನ್ನರ್, ಕಾರ್ಬೊರೇಟರ್ ಕ್ಲೀನರ್ ಲೋಹದ ಜಿಡ್ಡು ತೆಗೆದರೂ ಕೆಲವು ಪ್ಲಾಸ್ಟಿಕ್ಕುಗಳನ್ನು ಬಿರುಕು ಬಿಡಿಸುತ್ತವೆ, ರಬ್ಬರ್ ಸೀಲನ್ನು ಉಬ್ಬಿಸುತ್ತವೆ. ಸೀಲ್ ಕೆಟ್ಟರೆ ಬಾಯ್ನಾದ ಮುಂದಿನ ಮಳೆಗೇ ಕಪ್ಲರ್ ಹೋಯಿತು.

◆ 400 ನಂಬರಿನ ಉಪ್ಪುಕಾಗದದ ಒಂದೊಂದು ಕಣವೂ ಪಿನ್ನಿನ ತವರ ಲೇಪಕ್ಕಿಂತ ಹಲವು ಪಟ್ಟು ದಪ್ಪ. ಉಜ್ಜಿದಾಗ ಫಳಫಳ ಹೊಳೆಯುವುದು ಲೇಪ ಹೋದ ಹಿತ್ತಾಳೆ. ಅದು ಮೊದಲಿಗಿಂತ ಬೇಗ ಕಿಲುಬು ಹಿಡಿಯುತ್ತದೆ. ಪಿನ್ನಿಗೆ ಪೆನ್ಸಿಲ್ ರಬ್ಬರ್ ಅಥವಾ ಮೆದು ಬ್ರಷ್ ಸಾಕು. ಉಪ್ಪುಕಾಗದ ಅರ್ತ್ ಬೋಲ್ಟಿಗೆ ಇರಲಿ.

◆ ಕ್ಲೀನರ್ ಹಾಕಿ ಕಪ್ಲರನ್ನು ಕೆಲವು ಸಲ ಕೂರಿಸಿ ತೆಗೆಯುವುದೇ ಒಂದು ಸಫಾಯಿ. ತವರದ ಆಕ್ಸೈಡ್ ಗಟ್ಟಿ, ಆದರೆ ಪೆಡಸು. ಅಡಿಯ ತವರ ಮೆದು. ಒಂದಕ್ಕೊಂದು ಉಜ್ಜಿದಾಗ ಮೇಲಿನ ಪದರ ಒಡೆದು ಒಳಗಿನ ಹೊಸ ಲೋಹ ತಾಗುತ್ತದೆ.

◆ ಬ್ಯಾಟರಿ ಟರ್ಮಿನಲ್ಲಿನ ಬಿಳಿ, ನೀಲಿ ಹುಡಿಗೆ ಔಷಧ ಅಡುಗೆಮನೆಯಲ್ಲಿದೆ: ಅಡುಗೆ ಸೋಡಾ ಬೆರೆಸಿದ ನೀರು. ಆಮ್ಲದೊಂದಿಗೆ ಸೇರಿ ಅದು ನೊರೆಯುತ್ತದೆ. ನೊರೆ ನಿಂತರೆ ಆಮ್ಲ ತೀರಿತು. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

◆ ವೈರಿನ ಹೊದಿಕೆ ಬಿಡಿಸಿದಾಗ ತಾಮ್ರ ಕಪ್ಪಗಿದ್ದರೆ ತೊಳೆದು ಪ್ರಯೋಜನವಿಲ್ಲ, ಸೋಲ್ಡರೂ ಹಿಡಿಯದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಜೋಡಿಸುವುದೇ ದಾರಿ.

◆ ಸಾಕೆಟ್ಟಿನ ತೂತಿಗೆ ಮೀಟರಿನ ದಪ್ಪ ಕಡ್ಡಿ ತೂರಿಸಬೇಡಿ. ಅದರ ಸಣ್ಣ ಸ್ಪ್ರಿಂಗ್ ಎಲೆ ಅಗಲವಾಗಿ ಹಿಡಿತ ಹೋಗುತ್ತದೆ. ಅಂಥದೇ ಅಳತೆಯ ಬಿಡಿ ಪಿನ್ನು ತೂರಿಸಿ ತೆಗೆದು ನೋಡಿ. ಎಳೆತ ಕೈಗೆ ತಿಳಿಯದಿದ್ದರೆ ಹಿಡಿತ ಸಡಿಲವಾಗಿದೆ ಎಂದರ್ಥ.

ಮತ್ತೆ ಜೋಡಿಸುವಾಗ

◆ ಕಪ್ಲರಿಗೆ ಹಚ್ಚುವ ಡೈಎಲೆಕ್ಟ್ರಿಕ್ (ಸಿಲಿಕೋನ್) ಗ್ರೀಸಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ! ಆದರೂ ಕಪ್ಲರ್ ಕೆಲಸ ಮಾಡುತ್ತದೆ. ಪಿನ್ನಿನ ಒತ್ತಡಕ್ಕೆ ತಾಗುವ ಬಿಂದುಗಳಿಂದ ಗ್ರೀಸ್ ಸರಿದು, ಸುತ್ತ ಉಳಿದದ್ದು ನೀರನ್ನೂ ಉಪ್ಪನ್ನೂ ತಡೆಯುತ್ತದೆ. ತೆಳುವಾಗಿ ಹಚ್ಚಿದರೆ ಸಾಕು, ತುಂಬಬೇಡಿ.

◆ ಪೆಟ್ರೋಲಿಯಂ ಜೆಲ್ಲಿ ಬ್ಯಾಟರಿ ಟರ್ಮಿನಲ್ಲಿಗೆ ಒಳ್ಳೆಯದು, ಬಿಸಿ ಎಂಜಿನ್ ಪಕ್ಕದ ಕಪ್ಲರಿಗಲ್ಲ. ಅಲ್ಲಿನ ಶಾಖಕ್ಕೆ ಅದು ಕರಗಿ ಹರಿದುಹೋಗುತ್ತದೆ.

◆ ಆಕ್ಸಿಜನ್ ಸೆನ್ಸರಿನ ಕಪ್ಲರಿಗೆ ಯಾವ ಗ್ರೀಸೂ ಬೇಡ. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಮ್ಮ ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಆ ದಾರಿ ಮುಚ್ಚಿದರೆ ಸೆನ್ಸರ್ ತಪ್ಪು ಹೇಳುತ್ತದೆ. ಸಿಲಿಕೋನ್ ಆವಿಯೂ ಅದಕ್ಕೆ ವಿಷ.

◆ ರಿಲೇ, ಸ್ವಿಚ್ಚುಗಳ ಒಳಗೂ ಸಿಲಿಕೋನ್ ಹೋಗಬಾರದು. ಅಲ್ಲಿ ಹಾರುವ ಕಿಡಿಗೆ ಸಿಕ್ಕಿ ಅದು ಸಿಲಿಕಾ ಆಗುತ್ತದೆ, ಅಂದರೆ ಮರಳಿನ ಮುಖ್ಯ ವಸ್ತು. ಕರೆಂಟಿಗೆ ಅದು ಗೋಡೆ.

◆ ಕೂರಿಸುವಾಗ ‘ಟಕ್’ ಎಂಬ ಸದ್ದು ಕೇಳಬೇಕು. ಆಮೇಲೆ ಕಪ್ಲರನ್ನೇ ಹಿಡಿದು ಮೆಲ್ಲಗೆ ಎಳೆದು ಖಾತ್ರಿ ಮಾಡಿಕೊಳ್ಳಿ. ಅರ್ಧ ಕೂತ ಕಪ್ಲರ್ ರಸ್ತೆಯ ಮೊದಲ ಗುಂಡಿಗೇ ಕೈಕೊಡುತ್ತದೆ.

◆ ವೈರು ಕಪ್ಲರಿಗೆ ಮೇಲಿನಿಂದ ಇಳಿದರೆ ನೀರೂ ಅದರ ಜೊತೆ ಇಳಿಯುತ್ತದೆ. ವೈರನ್ನು ಕಪ್ಲರಿಗಿಂತ ಸ್ವಲ್ಪ ಕೆಳಗೆ ಬಳುಕಿಸಿ, ಕೆಳಗಿನಿಂದ ಮೇಲೆ ಹೋಗುವಂತೆ ಕಟ್ಟಿ. ಹನಿ ಆ ಬಳುಕಿನಲ್ಲೇ ಉದುರುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

◆ ಬಾಯ್ನಾದಲ್ಲಿ ಈ ಕೆಲಸಕ್ಕೆ ತಕ್ಕ ತಿಂಗಳು ಮೇ. ಮಳೆಗೆ ಮುಂಚೆ ಹೆಡ್‌ಲೈಟ್, ಹಿಂದಿನ ದೀಪ, ವೈಪರ್, ಬ್ಯಾಟರಿ, ಅರ್ತ್ ಬೋಲ್ಟ್‌ಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದರೆ ಜುಲೈ ರಾತ್ರಿಯ ಸುರಿಮಳೆಯಲ್ಲಿ ದಾರಿ ಕಾಣುತ್ತದೆ, ಎದುರಿನವರಿಗೆ ನೀವೂ ಕಾಣುತ್ತೀರಿ.

◆ ತೊಳೆದ ಮೇಲೆ ವೋಲ್ಟ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕಪ್ಲರಿನಲ್ಲಿ ನಷ್ಟವಿಲ್ಲ, ಪಾರ್ಟಿಗೆ ಪೂರ್ತಿ ವೋಲ್ಟೇಜ್ ತಲುಪುತ್ತಿದೆ, ಅರ್ತ್ ಚೆನ್ನಾಗಿದೆ, ಆದರೂ ಅದು ಕೆಲಸ ಮಾಡುತ್ತಿಲ್ಲ ಎಂದಾದರೆ ಮಾತ್ರ ಪಾರ್ಟ್ ಕೆಟ್ಟಿದೆ. ಹೊಸದಕ್ಕೆ ದುಡ್ಡು ಕೊಡಬೇಕಾದದ್ದು ಆಗಲೇ.